ಮೈಕ್ ಇಲ್ಲದ ಚಾವಡಿಯಲ್ಲಿ ಮೃದಂಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಹಳೆಯ ಮನೆಯ ಚಾವಡಿಯಲ್ಲಿ ಪ್ರತಿ ಬೇಸಿಗೆ ರಜೆಗೆ ಕೆಲವು ಸಂಜೆ ಕರ್ನಾಟಕ ಸಂಗೀತ ಕಛೇರಿ ನಡೆಯುತ್ತದೆ. ಅರುವತ್ತು ಜನ ಕೂತರೆ ಚಾವಡಿ ಭರ್ತಿ. ಬ್ಯಾನರ್ ಇಲ್ಲ, ಸಭಾ ಕಾರ್ಯಕ್ರಮ ಇಲ್ಲ, ಶಾಲು ಹೊದೆಸುವುದೂ ಇಲ್ಲ. ಮುಖ್ಯವಾಗಿ ಮೈಕ್ ಇಲ್ಲ. ಕೆಲವು ಕಛೇರಿಗೆ ನಾನು ಮೃದಂಗಕ್ಕೆ ಕೂರುತ್ತೇನೆ. ಉಳಿದ ದಿನ ಜಮಖಾನ ಹಾಸುವುದು, ಕಲಾವಿದರನ್ನು ಸ್ಟೇಷನ್ನಿನಿಂದ ಕರೆತರುವುದು, ತಂಬೂರಿಯ ತಂತಿ ಹುಡುಕುವುದು ನನ್ನ ಕೆಲಸ. ಮೈಕ್ ಇಲ್ಲ ಅಂದರೆ ಖರ್ಚು ಉಳಿಯಿತು ಅಂತ ಹೊರಗಿನವರಿಗೆ ಅನಿಸುತ್ತದೆ. ಖರ್ಚು ಉಳಿಯುತ್ತದೆ, ಕೆಲಸ ಜಾಸ್ತಿಯಾಗುತ್ತದೆ.

ಮೊದಲನೇ ತಲೆಬಿಸಿ ತಾರೀಕಿನದ್ದು. ಕೇರಳದ ಶಾಲೆಗಳಿಗೆ ರಜೆ ಏಪ್ರಿಲ್, ಮೇ. ವಿಷು ಕಳೆಯಬೇಕು. ತುಳುನಾಡಿನ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆಯೊಳಗೆ, ಅಂದರೆ ಮೇ 24ರ ಹೊತ್ತಿಗೆ ಎಲ್ಲ ಮುಗಿಯಬೇಕು. ಆದರೆ ನಮ್ಮ ಕಡೆ ಉಪನಯನ, ಮದುವೆ, ಬ್ರಹ್ಮಕಲಶ, ದೈವದ ಕೋಲ, ಯಕ್ಷಗಾನದ ಆಟ ಎಲ್ಲವೂ ಇದೇ ದಿನಗಳಲ್ಲಿ. ಪಿಟೀಲಿನವರು ಸಿಕ್ಕಿದ ದಿನ ಹಾಡುವವರಿಗೆ ಊರಲ್ಲೇ ಮದುವೆ. ಇಬ್ಬರೂ ಸಿಕ್ಕಿದರೆ ಪಕ್ಕದ ದೈವಸ್ಥಾನದಲ್ಲಿ ಧ್ವನಿವರ್ಧಕ. ಹಾಗಾಗಿ ನಾವು ಮೊದಲು ಊರಿನ ಕೋಲದ ತಾರೀಕು ಕೇಳಿಕೊಳ್ಳುತ್ತೇವೆ, ಆಮೇಲೆ ಕಲಾವಿದರಿಗೆ ಫೋನ್ ಮಾಡುತ್ತೇವೆ.

ಬೇಸಿಗೆಯಲ್ಲಿ ನಮ್ಮ ಕಡೆಯ ಗಾಳಿ ವಾದ್ಯಗಳಿಗೆ ಬಹಳ ಕಷ್ಟ ಕೊಡುತ್ತದೆ. ಬಿಸಿಲೂ ಉಂಟು, ತೇವವೂ ಉಂಟು. ಒಂದು ಸಲ ವೀಣೆ ನುಡಿಸುವ ವಿದುಷಿಯೊಬ್ಬರು ಕಾರಿನಲ್ಲಿ ಬಂದರು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಕಾರು ಬಿಸಿಲಿನಲ್ಲಿತ್ತು, ಗಾಜು ಏರಿಸಿತ್ತು, ವೀಣೆ ಹಿಂದಿನ ಸೀಟಿನಲ್ಲಿ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಕಪ್ಪು ಪುಡಿ ಕಲಸಿ ಎರಡು ಬದಿಗೆ ಕಟ್ಟೆ ಕಟ್ಟಿ, ಅದರ ಮೇಲೆ ಲೋಹದ ಮೆಟ್ಟಿಲು ಕೂರಿಸಿರುತ್ತಾರೆ. ಬಿಸಿಗೆ ಆ ಮೇಣ ಮೆತ್ತಗಾಗುತ್ತದೆ. ಮನೆಗೆ ಬಂದು ಚೀಲ ಬಿಚ್ಚಿ ನೋಡಿದರೆ ಮೇಲಿನ ಸ್ಥಾಯಿಯ ಒಂದು ಮೆಟ್ಟಿಲು ಕೂದಲೆಳೆಯಷ್ಟು ವಾಲಿದೆ. ಕಣ್ಣಿಗೆ ಕಾಣುವುದೇ ಇಲ್ಲ. ಮೀಟಿದರೆ ಮಾತ್ರ ತಂತಿ ಜಿರ್ ಅನ್ನುತ್ತದೆ.

ಆ ಅಕ್ಕ ಗಾಬರಿಯಾಗಲಿಲ್ಲ. "ಒಂದು ಸಣ್ಣ ಸ್ಕ್ರೂಡ್ರೈವರ್ ಉಂಟಾ? ಒಲೆ ಎಲ್ಲಿ?" ಅಂತ ಕೇಳಿದರು. ಸ್ಕ್ರೂಡ್ರೈವರಿನ ತುದಿ ಬಿಸಿ ಮಾಡಿ ಮೆಟ್ಟಿಲಿನ ಬುಡದ ಮೇಣಕ್ಕೆ ತಾಗಿಸಿದರು. ಹೆಬ್ಬೆರಳಲ್ಲಿ ಮೆಟ್ಟಿಲನ್ನು ಒಂಚೂರು ಒತ್ತಿದರು. ಮೀಟಿ ನೋಡಿದರು. ಮತ್ತೆ ಒತ್ತಿದರು. ಆ ಸ್ವರವನ್ನು ಕೆಳಗಿನ ಸ್ಥಾಯಿಯ ಅದೇ ಸ್ವರದ ಜೊತೆ ಹೋಲಿಸಿ ಸರಿ ಅಂತ ಕಂಡ ಮೇಲೆ ಒದ್ದೆ ಬಟ್ಟೆ ಇಟ್ಟು ಮೇಣ ತಣಿಸಿದರು. ಪೂರ್ತಿ ಮೇಳ ಕಟ್ಟಬೇಕಾದರೆ, ಅಂದರೆ ಎಲ್ಲ ಮೆಟ್ಟಿಲನ್ನೂ ಹೊಸದಾಗಿ ಕೂರಿಸಬೇಕಾದರೆ, ದಿನಗಟ್ಟಲೆ ಬೇಕು, ಅದಕ್ಕೆ ಗೊತ್ತಿರುವವರೇ ಬೇಕು. ಒಂದೇ ಮೆಟ್ಟಿಲಾದ್ದರಿಂದ ಕಾಫಿ ಆರುವುದರೊಳಗೆ ಮುಗಿಯಿತು. ಅಂದಿನಿಂದ ವೀಣೆಯವರನ್ನು ಕರೆಯುವಾಗ ನಾನು ಎರಡು ಮಾತು ಹೇಳುತ್ತೇನೆ. ಬೆಳಿಗ್ಗೆಯೇ ಹೊರಡಿ, ಊಟ ನಮ್ಮಲ್ಲೇ ಮಾಡಿ.

ಮೃದಂಗದ ತೊಂದರೆ ಬೇರೆ. ಒಣ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ತೇವಕ್ಕೆ ಸಡಿಲವಾಗಿ ಇಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕೂಡಿದ ಮೃದಂಗ, ಸಂಜೆ ಮೋಡ ಕಟ್ಟಿದರೆ ಆರೂವರೆಗೆ ಅಲ್ಲಿರುವುದಿಲ್ಲ. ಹಾಗಾಗಿ ಮಧ್ಯಾಹ್ನ ನಾನು ಒಂದು ಎಳೆ ಮೇಲೆಯೇ ಇಟ್ಟಿರುತ್ತೇನೆ. ಉಳಿದದ್ದನ್ನು ಕೂತ ಮೇಲೆ ಕಲ್ಲು, ಮರದ ತುಂಡು ಹಿಡಿದು ಸರಿಮಾಡುವುದು. ಮುಖದ ಅಂಚಿನ ಚರ್ಮದ ಹೆಣಿಗೆಯನ್ನು ಮೇಲಿಂದ ಬಡಿದರೆ ಏರುತ್ತದೆ, ಕೆಳಗಿಂದ ಬಡಿದರೆ ಇಳಿಯುತ್ತದೆ. ಎರಡು ಮೃದಂಗ ಅಂತೂ ಬೇಕೇ ಬೇಕು. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಕಟ್ಟೆಯಲ್ಲಿ (ಕಟ್ಟೆ ಅಂದರೆ ಶ್ರುತಿಯ ಅಳತೆ, ಸಂಖ್ಯೆ ಏರಿದಷ್ಟೂ ಶ್ರುತಿ ಎತ್ತರ) ಹಾಡುತ್ತಾರೆ. ಅದಕ್ಕೆ ಗಿಡ್ಡ ಮೃದಂಗ. ಒಂದು, ಒಂದೂವರೆ ಕಟ್ಟೆಯ ಗಂಡಸರಿಗೆ ಉದ್ದದ್ದು. ಒಂದನ್ನೇ ಬಡಿದು ಬಡಿದು ಎರಡಕ್ಕೂ ಹೊಂದಿಸಲು ಹೋದರೆ ಮುಚ್ಚಿಗೆ, ಅಂದರೆ ಮುಖದ ಚರ್ಮ, ಬೇಗ ಹಾಳಾಗುತ್ತದೆ.

ಇನ್ನು ಎಡಭಾಗದ ರವೆ. ಸಣ್ಣ ರವೆಯನ್ನು ನೀರಲ್ಲಿ ಕಲಸಿ, ಬೆರಳಿಗೆ ಅಂಟದ ಹದಕ್ಕೆ ತಂದು, ಎಡಮುಖದ ನಡುವಿಗೆ ಮೆತ್ತುತ್ತೇವೆ. ರವೆ ಹೆಚ್ಚಾದಷ್ಟೂ ನಾದ ತಗ್ಗುತ್ತದೆ, ಗುಂಯ್ ಅನ್ನುವುದು ಜಾಸ್ತಿಯಾಗುತ್ತದೆ. ಸಭಾಭವನದಲ್ಲಿ ಈ ಗುಮ್ಮು ಜನರಿಗೆ ಇಷ್ಟ, ಮೈಕಿನವನಿಗೂ ಇಷ್ಟ. ಚಾವಡಿಯಲ್ಲಿ ಹಾಗಲ್ಲ. ಕೆಂಪು ಸಿಮೆಂಟಿನ ನೆಲ, ಮೇಲೆ ಮರದ ಹಲಗೆ. ಎಡಗೈಯ ಒಂದು ಗುಮ್ಕಿ, ಅಂದರೆ ಜಾರುವ ತಗ್ಗಿನ ನಾದ, ಎಳೆದರೆ ಇಡೀ ಕೋಣೆ ತುಂಬಿ, ಹಾಡುವವರ ಸಾಹಿತ್ಯದ ಎರಡು ಅಕ್ಷರ ನುಂಗಿಹೋಗುತ್ತದೆ. ನಾನು ಇಲ್ಲಿ ರವೆ ಕಡಿಮೆ ಹಚ್ಚುತ್ತೇನೆ. ಫ್ಯಾನ್ ಇದ್ದರೆ ಅದೂ ಬೇಗ ಒಣಗುತ್ತದೆ. ಎರಡು ಕೀರ್ತನೆ ಮುಗಿದಾಗ ಬೆರಳು ಅದ್ದಿ ನೀರು ಸವರುತ್ತಿರಬೇಕು.

ಫ್ಯಾನ್ ಅಂದಾಗ ನೆನಪಾಯಿತು, ಅದರ ಬಗ್ಗೆ ನಮ್ಮಲ್ಲಿ ಪ್ರತಿ ವರ್ಷ ಚರ್ಚೆ. ಹಾಡುವವರಿಗೆ ಫ್ಯಾನ್ ಬೇಡ, ಗಂಟಲು ಒಣಗುತ್ತದೆ, ರೆಕ್ಕೆಯ ಸದ್ದೂ ಕೇಳುತ್ತದೆ. ಕೇಳುವವರಿಗೆ ಫ್ಯಾನ್ ಇಲ್ಲದೆ ಆಗುವುದಿಲ್ಲ. ಈಗ ಆಗಿರುವ ಒಪ್ಪಂದ ಹೀಗೆ: ಆಲಾಪನೆ ಶುರುವಾದಾಗ ಬಂದ್, ತನಿ, ಅಂದರೆ ತಾಳವಾದ್ಯ ಮಾತ್ರ ನುಡಿಸುವ ಭಾಗ, ಶುರುವಾದಾಗ ಚಾಲೂ. ಸ್ವಿಚ್ಚಿನ ಹತ್ತಿರ ರಾಗ ಗೊತ್ತಿರುವ ಒಬ್ಬನನ್ನು ಕೂರಿಸಬೇಕು, ಇಲ್ಲದಿದ್ದರೆ ಅವನು ಸ್ವರಕಲ್ಪನೆಗೇ ಚಾಲೂ ಮಾಡಿಬಿಡುತ್ತಾನೆ.

ಹೊರಗಿನ ಸದ್ದು ಇನ್ನೊಂದು. ಏಪ್ರಿಲ್, ಮೇಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡದೆ ಆಗುವುದಿಲ್ಲ. ಪಕ್ಕದ ತೋಟದ ಪಂಪು ಸಂಜೆ ಶುರುವಾದರೆ ಒಂದೇ ಸಮ ಗುರ್ ಅನ್ನುತ್ತದೆ, ಅದರದ್ದೇ ಒಂದು ಶ್ರುತಿ. ನಮ್ಮ ಶ್ರುತಿಗೆ ಸೇರುವುದಿಲ್ಲ. "ಅಣ್ಣ, ಎಂಟೂವರೆವರೆಗೆ ಒಂದು ಬಂದ್ ಇಡ್ಲಿಕ್ಕೆ ಆಗ್ತದಾ?" ಅಂತ ಕೇಳಲು ಹೋದೆ. "ನೀರು ರಾತ್ರಿ ಬಿಟ್ರೂ ಆಗ್ತದೆ. ಆದ್ರೆ ಕರೆಂಟು ಹೋದ್ರೆ ನನ್ನ ಕೇಳ್ಬೇಡ ಮಾರಾಯ" ಅಂದರು. ಈಗ ಅವರೇ ಮೊದಲನೇ ಸಾಲಿನಲ್ಲಿ ಕೂರುತ್ತಾರೆ.

ಕೂರುವ ಕ್ರಮಕ್ಕೆ ಬರೋಣ. ದೊಡ್ಡ ವೇದಿಕೆಯಲ್ಲಿ ಮೃದಂಗದ ಬಲಮುಖ ಸಭಿಕರ ಕಡೆ ಇರುವಂತೆ ಕೂರುವುದು ರೂಢಿ. ಎಡಗೈಯವರಾದರೆ ಪಿಟೀಲಿನವರೂ ಮೃದಂಗದವರೂ ಜಾಗ ಬದಲಿಸಿಕೊಳ್ಳುತ್ತಾರೆ, ಅದೂ ಇದಕ್ಕೇ. ಚಾವಡಿಯಲ್ಲಿ ನಾನು ಮೃದಂಗವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಬಲಮುಖದ ಸದ್ದು ನೇರವಾಗಿ ಮೊದಲ ಸಾಲಿಗೆ ಬಡಿಯದಂತೆ ಇಟ್ಟುಕೊಳ್ಳುತ್ತೇನೆ. ಹಾಡುವವರ ಬೆನ್ನಿಗೆ ಗೋಡೆ ಇರಬೇಕು. ಮೂವರೂ ಹತ್ತಿರ ಹತ್ತಿರ, ಕೈ ಚಾಚಿದರೆ ತಾಗುವಷ್ಟು. ತಂಬೂರಿ ಹಿಂದೆ. ನಿಜವಾದ ತಂಬೂರಿ, ಎಲೆಕ್ಟ್ರಾನಿಕ್ ಪೆಟ್ಟಿಗೆ ಅಲ್ಲ. ತಂತಿ ಹೊರುವ ಕುದುರೆಯ ಮೇಲೆ ತಂತಿಯಡಿ ಜೀವಾಳದ ನೂಲು ಸರಿಯಾದ ಜಾಗಕ್ಕೆ ಬಂದಾಗ ಆ ನಾಲ್ಕು ತಂತಿಯ ನಾದ ಚಾವಡಿಯ ಮೂಲೆ ಮೂಲೆಗೂ ಹೋಗುತ್ತದೆ. ಜೀವಾಳ ಸರಿಸುವುದರಲ್ಲಿ ನಮ್ಮಲ್ಲಿ ಅತಿ ಚುರುಕು ಕೈ ಒಬ್ಬಳು ಹೈಸ್ಕೂಲ್ ಹುಡುಗಿಯದ್ದು. ದೊಡ್ಡ ದೊಡ್ಡವರೂ ಬಂದು ತಂಬೂರಿಯನ್ನು ಅವಳ ಕೈಗೇ ಕೊಡುತ್ತಾರೆ.

ಮೈಕ್ ಬರುವ ಮೊದಲು ಗಂಡಸರೂ ಗಂಟಲು ಏರಿಸಿ ಎತ್ತರದ ಶ್ರುತಿಯಲ್ಲೇ ಹಾಡುತ್ತಿದ್ದರು, ಹಿಂದಿನವರಿಗೂ ಕೇಳಬೇಕಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಆಟದ ಹಾಡುಗಾರರಾದ ಭಾಗವತರು ಬಯಲಿನಲ್ಲಿ ಬೆಳಗಿನವರೆಗೆ ಹಾಗೇ ಹಾಡಿದವರು. ಅರುವತ್ತು ಜನರ ಚಾವಡಿಗೆ ಅಷ್ಟು ಬೇಡ. ಆದರೂ ಮೊದಲ ಸಲ ಬರುವ ಹಾಡುಗಾರರು ಶುರುವಿಗೆ ಕೂಗುತ್ತಾರೆ. ಸಭಾಭವನಗಳಲ್ಲಿ ಮಾನಿಟರ್ ಕೇಳಿ ಕೇಳಿ ಅಭ್ಯಾಸ. ಶುರುವಿಗೆ ಹಾಡುವ ವರ್ಣ ಮುಗಿಯುವ ಹೊತ್ತಿಗೆ ಅವರಿಗೇ ಗೊತ್ತಾಗುತ್ತದೆ, ಸಣ್ಣದಾಗಿ ಹಾಡಿದರೂ ಕೊನೆಯ ಸಾಲಿನ ಅಜ್ಜ ತಲೆ ಆಡಿಸುತ್ತಿದ್ದಾರೆ ಅಂತ. ಆಮೇಲೆ ಹಾಡು ಬದಲಾಗುತ್ತದೆ. ನಾವು ಪಕ್ಕವಾದ್ಯದವರು ಅದರ ಹಿಂದೆಯೇ ಇಳಿಯಬೇಕು. ನನ್ನ ಲೆಕ್ಕ ಸುಲಭ: ಹಾಡುವವರ ಒತ್ತಕ್ಷರ ನನ್ನ ಕಿವಿಗೆ ಬೀಳದಿದ್ದರೆ ನಾನು ಜೋರಾಗಿದ್ದೇನೆ.

ಮಧ್ಯಾಹ್ನ ನಾಲ್ಕಕ್ಕೆ ಮೂವರನ್ನೂ ಒಟ್ಟಿಗೆ ಕೂರಿಸುತ್ತೇವೆ. ಕರ್ನಾಟಕ ಸಂಗೀತದಲ್ಲಿ ರಿಹರ್ಸಲ್ ಅಂತ ಇರುವುದು ಕಡಿಮೆ. ಎಷ್ಟೋ ಸಲ ಹಾಡುವವರ ಮುಖವನ್ನು ವೇದಿಕೆಯಲ್ಲೇ ಮೊದಲು ನೋಡುವುದು. ನಾವು ಕೂರಿಸುವುದೂ ಕೀರ್ತನೆ ಕಲಿಯಲಿಕ್ಕಲ್ಲ, ಒಬ್ಬರ ಸದ್ದು ಇನ್ನೊಬ್ಬರಿಗೆ ಅಭ್ಯಾಸವಾಗಲಿಕ್ಕೆ. ಮಾತು ಎರಡೇ. ಪಲ್ಲವಿ ಉಂಟಾ? ಉಂಟಾದರೆ ಯಾವ ತಾಳ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಎಲ್ಲಿ? ಪಯ್ಯನ್ನೂರು ಕಡೆಯಿಂದ ಬಂದವರು ಮಲಯಾಳದಲ್ಲಿ ಕೇಳುತ್ತಾರೆ, ನಾನು ಕನ್ನಡದಲ್ಲಿ ಹೇಳುತ್ತೇನೆ, ಪಿಟೀಲಿನವರು ತುಳುವಿನಲ್ಲಿ ತಮಾಷೆ ಮಾಡುತ್ತಾರೆ. ಕೈ ಎತ್ತಿ ತಾಳ ಹಾಕಿದ ಮೇಲೆ ಎಲ್ಲ ಸರಿಯಾಗುತ್ತದೆ. ಒಬ್ಬ ಯುವ ಗಾಯಕ ಪಟ್ಟಿ ಪ್ರಿಂಟ್ ಮಾಡಿ ತಂದು ಎಲ್ಲರಿಗೂ ಹಂಚಿದ. ಹಿರಿಯ ಪಿಟೀಲು ವಿದ್ವಾಂಸರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನೀನು ಹಾಡು ಮಗಾ, ನಾನು ಬರ್ತೇನೆ" ಅಂದರು. ಅವರು ಬಂದರು ಕೂಡ. ಹುಡುಗನೇ ಅರ್ಧ ದಾರಿಯಲ್ಲಿ ಪಟ್ಟಿ ಬಿಟ್ಟು ಬೇರೆ ರಾಗ ಹಿಡಿದ.

ವೀಣೆಯ ಸಂಜೆ ನನಗೆ ಅತಿ ಕಷ್ಟದ್ದು, ಅತಿ ಇಷ್ಟದ್ದೂ ಹೌದು. ವೀಣೆಯಲ್ಲಿ ಮೀಟಿದ ಕೂಡಲೇ ಸದ್ದು ಆರಲು ಶುರು. ಆ ಆರುವ ನಾದದಲ್ಲೇ ತಂತಿ ಎಳೆದು ಗಮಕ ತೆಗೆಯುತ್ತಾರೆ. ಒಂದು ಮೀಟಿಗೆ ಎರಡು, ಮೂರು ಸ್ವರ ಬರುವುದು ಹಾಗೆ. ಸರಿಯಾಗಿ ಆ ಹೊತ್ತಿಗೆ ನನ್ನ ಬಲಗೈಯ ಚಾಪು ಪೆಟ್ಟು ಬಿದ್ದರೆ ಗಮಕ ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ ಇದ್ದರೆ ವೀಣೆಗೆ ಸೌಂಡ್ ಏರಿಸಿ ಹೇಗೋ ಸುಧಾರಿಸಬಹುದು. ಇಲ್ಲಿ ಆ ದಾರಿ ಇಲ್ಲ. ಹಾಗಾಗಿ ನನ್ನ ಪೆಟ್ಟನ್ನು ಮೀಟಿನ ಜೊತೆಗೇ ಇಡುತ್ತೇನೆ, ನಾದದ ಬಾಲ ಬರುವಾಗ ಕೈ ಖಾಲಿ ಬಿಡುತ್ತೇನೆ. ಬಲಗೈಯಲ್ಲಿ ಬೆರಳ ತುದಿ ಮಾತ್ರ. ಎಡಗೈ ಸುಮ್ನೆ ಚರ್ಮದ ಮೇಲೆ ಇಟ್ಟಿರುತ್ತದೆ. ವಿಳಂಬದ ಕೀರ್ತನೆಯಲ್ಲಿ ಎಷ್ಟೋ ಆವರ್ತ ನಾನು ನುಡಿಸುವುದಕ್ಕಿಂತ ಬಿಡುವುದೇ ಹೆಚ್ಚು. ಒಮ್ಮೆ ತಾಳಮದ್ದಳೆ ಕೇಳಿ ಬೆಳೆದ ಹಿರಿಯರೊಬ್ಬರು ಕಛೇರಿ ಮುಗಿದ ಮೇಲೆ, "ಏನು ಭಾವ, ಇವತ್ತು ಕೈ ನೋವಾ? ಮದ್ದಳೆಯಷ್ಟು ಕೇಳ್ಲೇ ಇಲ್ಲ" ಅಂದರು. ವೀಣೆಯ ಅಕ್ಕ ಒಳಗಿಂದ, "ನಂಗೆ ಕೇಳಿತು" ಅಂದರು.

ಮೈಕ್ ಇಲ್ಲದ್ದರಿಂದ ಅನ್ಯಾಯ ಆಗುವುದು ಹಲ್ಲಿಗೆ ಹಿಡಿದು ಬೆರಳಲ್ಲಿ ಮೀಟುವ ಸಣ್ಣ ಲೋಹದ ವಾದ್ಯ ಮೋರ್ಸಿಂಗಿಗೆ. ಅದರ ಸದ್ದು ಬಾಯಿಯಿಂದ ಎರಡು ಸಾಲು ದಾಟುವುದಿಲ್ಲ. ಘಟ ಆಗುತ್ತದೆ. ಘಟದವರು ಎರಡು ಮೂರು ಮಡಕೆ ತರುತ್ತಾರೆ, ಯಾಕೆಂದರೆ ಸುಟ್ಟ ಮಣ್ಣಿನ ಶ್ರುತಿಯನ್ನು ಮೃದಂಗದ ಹಾಗೆ ಬಡಿದು ಏರಿಸಲಾಗುವುದಿಲ್ಲ. ತಮಿಳುನಾಡಿನ ಮಾನಾಮದುರೆಯ ದಪ್ಪ ಘಟವಂತೂ ಕೋಣೆಯಲ್ಲಿ ಗಂಟೆಯ ಹಾಗೆ ಕೇಳುತ್ತದೆ, ತನಿಯಲ್ಲಿ ನನಗೇ ಪೈಪೋಟಿ. ಮೋರ್ಸಿಂಗ್ ನುಡಿಸುವ ನನ್ನ ಸ್ನೇಹಿತನಿಗೆ ಮಾತ್ರ ಇನ್ನೂ ಬೇಜಾರು. ಅವನ ಮಾತಿನಲ್ಲಿ ನ್ಯಾಯ ಉಂಟು, ನನ್ನ ಹತ್ತಿರ ಉತ್ತರ ಇಲ್ಲ.

ಊಟದ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ಹಾಡುವವರು ಸಂಜೆ ಅವಲಕ್ಕಿಯೋ ದೋಸೆಯೋ ಸ್ವಲ್ಪ ತಿಂದು, ಬಿಸಿ ಕಷಾಯ ಕುಡಿದು ಕೂರುತ್ತಾರೆ. ಪುನರ್ಪುಳಿ ಶರಬತ್ತು, ಹಲಸಿನಕಾಯಿ ಹಪ್ಪಳ, ಕಾಟುಮಾವಿನ ಗೊಜ್ಜು ಎಲ್ಲ ಮಂಗಳ ಹಾಡಿದ ಮೇಲೆ. ಸಂಭಾವನೆ ಮೂವರಿಗೂ ಒಂದೇ ಮೊತ್ತ. ಬೇರೆ ಕಡೆ ಪಕ್ಕವಾದ್ಯಕ್ಕೆ ಕಡಿಮೆ ಕೊಡುವುದು ವಾಡಿಕೆ. ಮೈಕ್ ಇಲ್ಲದ ಕೋಣೆಯಲ್ಲಿ ಪಕ್ಕವಾದ್ಯದವರು ತಗ್ಗದಿದ್ದರೆ ಹಾಡೇ ಇಲ್ಲ, ಹಾಗಿರುವಾಗ ಕಡಿಮೆ ಕೊಡುವುದು ಯಾವ ಲೆಕ್ಕ? ಮನೆಯ ಮಾವ ಮೊದಲ ವರ್ಷವೇ ಹೀಗೆ ತೀರ್ಮಾನ ಮಾಡಿದವರು.

ಹೋದ ಬೇಸಿಗೆಯ ಕೊನೆಯ ಸಂಜೆ ಆಲಾಪನೆಯ ನಡುವೆ ಮಳೆ ಬಂತು. ಹೆಂಚಿನ ಮೇಲೆ ಮೇ ತಿಂಗಳ ಗುಡುಗು ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಕರೆಂಟೂ ಹೋಯಿತು. ಹಾಡುವವರು ನಿಲ್ಲಿಸಿ, "ಎಲ್ಲರೂ ಮುಂದೆ ಬನ್ನಿ" ಅಂದರು. ಜನ ಜಮಖಾನ ಎಳೆದುಕೊಂಡು ಬಂದರು, ಕೆಲವರ ಮೊಣಕಾಲು ನನ್ನ ಮೃದಂಗಕ್ಕೇ ತಾಗುತ್ತಿತ್ತು. ಮಳೆ ಜೋರಿದ್ದಷ್ಟು ಹೊತ್ತು ಕಾಫಿ ಹಂಚಿದೆವು. ಸ್ವಲ್ಪ ಇಳಿದ ಮೇಲೆ ಅದೇ ರಾಗ, ಬಿಟ್ಟಲ್ಲಿಂದ. ಅಷ್ಟರಲ್ಲಿ ನನ್ನ ಮೃದಂಗ ಮುಕ್ಕಾಲು ಸ್ವರ ಇಳಿದಿತ್ತು. ಪುಣ್ಯಕ್ಕೆ ಎರಡನೆಯದ್ದನ್ನು ಒಳಗೆ ಅಡುಗೆಮನೆಯ ಒಲೆಯ ಹತ್ತಿರ ಇಟ್ಟಿದ್ದೆ. ಅತ್ತೆ ಅದನ್ನು ಎತ್ತಿ ತಂದುಕೊಟ್ಟರು. ಬಡಿದು ನೋಡಿದರೆ ಅದು ಒಂದೆಳೆ ಏರಿತ್ತು. ಕೆಳಗಿಂದ ಎರಡು ಪೆಟ್ಟು ಕೊಟ್ಟೆ, ಸೇರಿತು.