ಸುಳ್ಳು ಬಿಟ್ಟು ನಿಜ ಹೇಳುವ ಪಾತ್ರ: ಫ್ಯಾನ್ ಫಿಕ್ಷನ್‌ನಲ್ಲಿ ಆ ದೃಶ್ಯ ಕಟ್ಟುವುದು ಹೇಗೆ

ಮೂಲ ಕಥೆಯಲ್ಲಿ ಸುಳ್ಳು ಹೇಳಿದ, ಇಲ್ಲವೇ ಬಾಯಿ ಮುಚ್ಚಿ ಕೂತ ಪಾತ್ರವೊಂದು ನಿಮ್ಮ ಕಥೆಯಲ್ಲಿ ನಿಜ ಹೇಳುತ್ತದೆ. ಫ್ಯಾನ್ ಫಿಕ್ಷನ್, ಅಂದರೆ ಇರುವ ಕಥೆಯ ಪಾತ್ರಗಳನ್ನು ಎತ್ತಿಕೊಂಡು ಹೊಸ ಕಥೆ, ಬರೆಯುವವರು ಇದನ್ನು ಆಸೆಯಿಂದ ಎತ್ತಿಕೊಳ್ಳುತ್ತಾರೆ, ಅರ್ಧದಲ್ಲಿ ಕೆಡಿಸಿಕೊಳ್ಳುತ್ತಾರೆ. ಕೆಡುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಆ ಸುಳ್ಳಿನಿಂದ ಪಾತ್ರಕ್ಕೆ ಏನು ಸಿಗುತ್ತಿತ್ತು ಎಂಬ ಲೆಕ್ಕ ಹಾಕಿರುವುದಿಲ್ಲ. ಸಿಗುತ್ತಿದ್ದದ್ದು ಓದುಗನಿಗೆ ಕಾಣದಿದ್ದರೆ ಬಿಟ್ಟುಕೊಟ್ಟದ್ದೂ ಕಾಣುವುದಿಲ್ಲ.

ಮಂಗಳೂರು, ಉಡುಪಿ ಕಡೆಯವರಿಗೆ ಈ ಕೆಲಸ ಹೊಸತೇನಲ್ಲ. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆ ಕೇಳಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪಾತ್ರದ ಮನಸ್ಸನ್ನು ತನ್ನ ಮಾತಿನಲ್ಲಿ ಬಿಡಿಸುತ್ತಾನೆ. ಪದ್ಯ ದಾಟುವಂತಿಲ್ಲ, ಅರ್ಥ ಮಾತ್ರ ಅವನದು. ಫ್ಯಾನ್ ಫಿಕ್ಷನ್‌ನಲ್ಲಿ ಒಂದು ಪದ್ಯವನ್ನು ಮುರಿಯುವ ಸ್ವಾತಂತ್ರ್ಯವೂ ಉಂಟು. ಒಂದನ್ನೇ ಮುರಿಯಿರಿ. ಎರಡು ಕಡೆ ಮುರಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದೆ ಹೋಗುತ್ತದೆ.

ಮೊದಲು ಮೂಲ ಯಾವುದೆಂದು ಗಟ್ಟಿ ಮಾಡಿ

ಮಹಾಭಾರತ ಎಂದರೆ ಸಾಲದು, ಯಾವ ಭಾರತ? ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವಾಗ, ಪಾಂಡವರ ಕಡೆ ಬಂದರೆ ಆರನೆಯವನಾಗಿ ದ್ರೌಪದಿಯೂ ದಕ್ಕುತ್ತಾಳೆ ಎಂದು ಆಸೆ ತೋರಿಸುತ್ತಾನೆ. 941ರ ಪಂಪಭಾರತದಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ. ಅಲ್ಲಿ ಆ ಮಾತಿಗೆ ಜಾಗವೇ ಇಲ್ಲ. ಎರಡನ್ನೂ ಬೆರೆಸಿದರೆ ತಿಳಿದ ಓದುಗ ಬೇಗ ಹಿಡಿಯುತ್ತಾನೆ, ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಪುರಾಣಕ್ಕೆ ಯಾರ ಅಪ್ಪಣೆಯೂ ಬೇಡ. ಹೊಸ ಕಾಲದ ಪಾತ್ರಗಳನ್ನು ಎತ್ತಿಕೊಂಡು ಪುಸ್ತಕ ಮಾಡಿ ಮಾರುವ ಯೋಚನೆ ಇದ್ದರೆ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹ ಮುಕ್ತವಾಗಿದೆ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರದ್ದಕ್ಕೆ 2057 ಮುಗಿಯಬೇಕು. ಇನ್ನೊಂದು ಎಚ್ಚರಿಕೆ ಕಾನೂನಿಗೆ ಸೇರಿದ್ದಲ್ಲ. ಕೋಟಿ ಚೆನ್ನಯರಂಥ, ತುಳುವಿನ ಪಾಡ್ದನ ಎಂಬ ಹಾಡುಗಥೆಗಳ ವೀರರಿಗೆ ಗರಡಿ ಎಂಬ ಅವರ ಗುಡಿಗಳಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ. ಅವರ ಬಾಯಿಗೆ ಹೊಸ ಸುಳ್ಳೊಂದನ್ನು ಹಾಕುವ ಮೊದಲು ಊರಿನ ಹಿರಿಯರೊಬ್ಬರ ಹತ್ತಿರ ಮಾತಾಡಿ.

ಸುಳ್ಳಿನ ಲೆಕ್ಕ

ಕಥೆ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಸುಳ್ಳು ಏನು, ಪಾತ್ರದ್ದೇ ಮಾತಿನಲ್ಲಿ. ಅದರಿಂದ ದಿನಾ ಸಿಗುತ್ತಿರುವುದೇನು. ಗುಟ್ಟು ಯಾರಿಗೆಲ್ಲ ಗೊತ್ತು. ನಿಜ ಹೇಳಿದರೆ ಮರುದಿನ ಸೂರ್ಯ ಹುಟ್ಟುವುದರೊಳಗೆ ಕೈಬಿಟ್ಟು ಹೋಗುವುದೇನು.

ಪರಶುರಾಮನ ಬಳಿ ಕಲಿಯುತ್ತಿರುವ ಕರ್ಣನಿಗೆ ಇದನ್ನು ತುಂಬಿಸಿ ನೋಡಿ. “ನಾನು ಭಾರ್ಗವ ಗೋತ್ರದ ಬ್ರಾಹ್ಮಣ” ಎಂಬುದು ಸುಳ್ಳು. ಸಿಗುತ್ತಿರುವುದು, ದ್ರೋಣ ಕೊಡಲು ಒಪ್ಪದ ಬ್ರಹ್ಮಾಸ್ತ್ರದ ವಿದ್ಯೆ. ಅದರ ಜೊತೆಗೆ ಇನ್ನೊಂದು ಸಿಗುತ್ತಿದೆ, ಬರೆಯುವವರು ಮರೆಯುವುದು ಇದನ್ನೇ: ಗುರುವಿನ ಪ್ರೀತಿ. ತಲೆ ಇಟ್ಟು ಮಲಗಲು ಅವನ ತೊಡೆಯೇ ಬೇಕು ಎನ್ನುವಷ್ಟು ನಂಬಿಕೆ. ಗುಟ್ಟು ಅಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಹೋಗುವುದು ಎಲ್ಲವೂ.

ಎರಡನೆಯ ಸಾಲಿನಲ್ಲಿ ವಸ್ತು ಮಾತ್ರ ಇದ್ದು ಮನುಷ್ಯರು ಇಲ್ಲದಿದ್ದರೆ ಲೆಕ್ಕ ಅರ್ಧವಾಗಿದೆ ಎಂದೇ ತಿಳಿಯಿರಿ. ಅಸ್ತ್ರ ಕಳೆದುಕೊಂಡ ಕರ್ಣನಿಗಿಂತ, ತೊಡೆಯ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದವನನ್ನು ಕಳೆದುಕೊಂಡ ಕರ್ಣ ಓದುಗನನ್ನು ಹೆಚ್ಚು ಕಾಡುತ್ತಾನೆ.

ಎಲ್ಲಿ ಬಾಯಿ ಬಿಡಬೇಕು

ಮೂಲದಲ್ಲಿ ಕರ್ಣ ನಿಜ ಹೇಳುತ್ತಾನೆ. ಹುಳು ತೊಡೆ ಕೊರೆದು, ರಕ್ತ ತಾಗಿ ಗುರು ಎದ್ದು, ಇಷ್ಟು ನೋವು ತಡೆದವನು ಬ್ರಾಹ್ಮಣನಾಗಿರಲಾರ ಎಂದು ಗದರಿದ ಮೇಲೆ. ಅದು ಸಿಕ್ಕಿಬಿದ್ದ ಮೇಲಿನ ಒಪ್ಪಿಗೆ. ನೀವು ಬರೆಯಬೇಕಾದದ್ದು ಆಯ್ಕೆ. ಸುಳ್ಳು ಇನ್ನೂ ಚೆನ್ನಾಗಿ ನಡೆಯುತ್ತಿರುವಾಗ, ಯಾರಿಗೂ ಅನುಮಾನವಿಲ್ಲದಿರುವಾಗ ಹೇಳಿದರೆ ಮಾತ್ರ ಅದು ಆಯ್ಕೆ ಅನ್ನಿಸುತ್ತದೆ.

ಹಾಗಂತ ತೀರ ಮೊದಲೇ ಹೇಳಿಸಿದರೂ ಕಷ್ಟ. ಆಶ್ರಮದ ಬಾಗಿಲಲ್ಲೇ “ನಾನು ಸೂತಪುತ್ರ” ಎಂದರೆ ಪರಶುರಾಮ ಹೊರಗೆ ಕಳಿಸುತ್ತಾನೆ, ಕಥೆ ಒಂದು ಪುಟಕ್ಕೆ ಮುಗಿಯುತ್ತದೆ. ಹುಳು ಬರುವ ಹಿಂದಿನ ದಿನಗಳಲ್ಲಿ, ವಿದ್ಯೆ ಮುಕ್ಕಾಲು ಆಗಿ ಕಾಲು ಉಳಿದಿರುವಾಗ ಇಟ್ಟರೆ ಎರಡು ಕಡೆಯಿಂದಲೂ ಎಳೆತ ಸಿಗುತ್ತದೆ: ಇನ್ನು ಸ್ವಲ್ಪ ದಿನ ಸುಮ್ಮನಿದ್ದರೆ ಎಲ್ಲವೂ ಕೈಗೆ ಬರುತ್ತದೆ.

ಜಾಗ ಆರಿಸುವಾಗ ಗಂಟೆಗಳಲ್ಲಿ ಅಲ್ಲ, ನಿಮಿಷಗಳಲ್ಲಿ ಯೋಚಿಸಿ. ಹಸ್ತಿನಾಪುರದಲ್ಲಿ ರಾಜಕುಮಾರರು ಶಸ್ತ್ರವಿದ್ಯೆ ತೋರಿಸುವ ರಂಗಭೂಮಿಯನ್ನು ನೋಡಿ. ಕರ್ಣ ಅರ್ಜುನನನ್ನು ಕರೆಯುತ್ತಾನೆ, ಕುಂತಿ ಮೂರ್ಛೆ ಹೋಗುತ್ತಾಳೆ, ವಿದುರ ಉಪಚರಿಸುತ್ತಾನೆ, ಕೃಪ ಕುಲ ಕೇಳುತ್ತಾನೆ, ದುರ್ಯೋಧನ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ, ಆಮೇಲೆ ಕರ್ಣನ ಸಾಕುತಂದೆ ಅಧಿರಥ ಬರುತ್ತಾನೆ. ಕುಂತಿ ಎಚ್ಚರವಾದ ಕೂಡಲೇ “ಅವನು ನನ್ನ ಮಗ” ಎಂದರೆ ಕರ್ಣನಿಗೆ ದುರ್ಯೋಧನನ ಋಣವಿಲ್ಲ. ಪಟ್ಟ ಕಟ್ಟಿದ ಮೇಲೆ ಅದೇ ಮಾತು ಹೇಳಿದರೆ ಋಣ ಬಿದ್ದಾಗಿದೆ, ಕರ್ಣ ಎರಡು ಹೋಳು. ಅಧಿರಥ ಬಂದು ಮಗನನ್ನು ಅಪ್ಪಿದ ಮೇಲಾದರೆ, ಬೆವರು ಸುರಿಸುತ್ತ ನಿಂತ ಆ ಮುದುಕನ ಎದುರೇ ಅವನ ಮಗನನ್ನು ಕಿತ್ತುಕೊಂಡಂತೆ. ಮಾತು ಒಂದೇ, ಮೂರು ಬೇರೆ ಬೇರೆ ಕಥೆ. ನಮಗೆ ಮೂರನೆಯದೇ ಗಟ್ಟಿ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ನಿಜವೂ ಒಬ್ಬನಿಗೆ ಅನ್ಯಾಯ ಮಾಡುತ್ತದೆ.

ಅನ್ಯಾಯ ಇನ್ನೂ ದೊಡ್ಡದಾಗುವುದು ಧರ್ಮರಾಯನಲ್ಲಿ. ಯುದ್ಧದ ಹದಿನೈದನೆಯ ದಿನ ಭೀಮ ಅಶ್ವತ್ಥಾಮ ಎಂಬ ಆನೆಯನ್ನು ಕೊಂದಿದ್ದಾನೆ, ದ್ರೋಣ ಬಂದು ಧರ್ಮರಾಯನನ್ನೇ ಕೇಳುತ್ತಾನೆ. ಮೂಲದಲ್ಲಿ ಅವನು “ಆನೆ” ಎಂಬ ಮಾತನ್ನು ನುಂಗುತ್ತಾನೆ, ನೆಲಕ್ಕೆ ನಾಲ್ಕು ಅಂಗುಲ ಮೇಲಿದ್ದ ರಥ ನೆಲ ಮುಟ್ಟುತ್ತದೆ. ನಿಮ್ಮ ಕಥೆಯಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ ಎಂದಿಟ್ಟುಕೊಳ್ಳಿ. ರಥ ಮೇಲೇ ಉಳಿಯಿತು, ಸರಿ. ದ್ರೋಣ ಬಿಲ್ಲು ಕೆಳಗಿಡಲಿಲ್ಲ. ಆ ಸಂಜೆಯೊಳಗೆ ಸಾಯುವ ಪಾಂಚಾಲರ ಸೈನಿಕರ ಲೆಕ್ಕ ಯಾರ ತಲೆಗೆ? ಇದನ್ನು ಬರೆಯದೆ ರಥದ ಚಂದವನ್ನಷ್ಟೇ ಬರೆಯುವವರು ಬಹಳ. ರಾತ್ರಿ ಬಿಡಾರದಲ್ಲಿ ಮಗನನ್ನು ಕಳೆದುಕೊಂಡ ಒಬ್ಬನನ್ನಾದರೂ ಧರ್ಮರಾಯನ ಎದುರು ತಂದು ನಿಲ್ಲಿಸಿ.

ಶಕುನಿಯಂಥವನಿಂದ ಪೂರ್ತಿ ನಿಜ ಹೇಳಿಸಲು ಹೋಗಬೇಡಿ, ಯಾರೂ ನಂಬುವುದಿಲ್ಲ. ಅವನು ಒಂದು ತುಂಡು ನಿಜವನ್ನು, ಅದನ್ನು ಬಳಸಿಕೊಳ್ಳಲಾಗದ ಒಬ್ಬರಿಗೆ ಹೇಳಲಿ. ಗಾಂಧಾರಿ ಸಾಕು.

ಕಥೆಯನ್ನು ನಮ್ಮೂರಿಗೆ ತಂದರೆ

ಕಾಲ ಬದಲಿಸಿ ಬರೆಯುವಾಗ ಹೆಸರು ಬದಲಿಸಿದರೆ ಆಗಲಿಲ್ಲ, ಸುಳ್ಳು ನಿಲ್ಲುವ ನೆಲವೂ ಇಲ್ಲಿನದಾಗಬೇಕು. ಉಡುಪಿಯ ರಥಬೀದಿಯ ಹಿಂದಿನ ಒಂದು ಹಳೆ ಮನೆ. ನಿವೃತ್ತ ಸಂಸ್ಕೃತ ಮಾಷ್ಟ್ರು ತಮ್ಮ ಜಾತಿಯ ಹುಡುಗರನ್ನು ಮಾತ್ರ ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ಬಿಟ್ಟಿಯಾಗಿ ಪಾಠ ಹೇಳುತ್ತಾರೆ. ಕರ್ಣ ಮಂಗಳೂರು–ಕುಂದಾಪುರ ಬಸ್ಸಿನ ಡ್ರೈವರನ ಮಗ. ರಥ ಓಡಿಸುವ ಸೂತನ ಕೆಲಸಕ್ಕೆ ಇದಕ್ಕಿಂತ ಹತ್ತಿರದ್ದು ಸಿಗಲಾರದು. ಸುಳ್ಳು ಹೊರಬೀಳುವ ಅಪಾಯ ಪೊಲೀಸರಿಂದ ಬರುವುದಿಲ್ಲ, ಮದುವೆ ಮನೆಯಲ್ಲಿ ಪಕ್ಕ ಕೂತವರ ಪ್ರಶ್ನೆಯಿಂದ ಬರುತ್ತದೆ: “ನಿಮ್ಮದು ಯಾವ ಕಡೆ? ಮನೆ ಹೆಸರೆಂತ? ಹಾಗಾದ್ರೆ ಇಂಥವರು ನಿಮಗೆ ಎಂತ ಆಗ್ಬೇಕು?” ಮೂರನೇ ಪ್ರಶ್ನೆಗೆ ಮುಂಚೆ ಬೆವರು ಬರಬೇಕು.

ಇಲ್ಲಿ ಸುಲಭಕ್ಕೆ ಸಿಗುವ ಇನ್ನೊಂದು ಸಾಧನ ಆಣೆ ಪ್ರಮಾಣ. ಯಾರೋ ಅನುಮಾನಪಟ್ಟು “ದೈವದ ಎದುರು ಬಂದು ಹೇಳು” ಎನ್ನುತ್ತಾರೆ. ನಾಟಕೀಯ ನಿಜ, ಆದರೆ ದೈವಸ್ಥಾನದ ಅಂಗಳದಲ್ಲಿ ಹೊರಬಿದ್ದ ಸತ್ಯದ ಅರ್ಧ ಪಾಲು ಹೆದರಿಕೆಯದ್ದು. ಪ್ರಮಾಣದ ದಿನ ಗೊತ್ತಾಗುವ ಮೊದಲೇ, ಅನುಮಾನ ಬೇರೆ ಯಾವನೋ ಪಾಪದವನ ಮೇಲೆ ಬಿದ್ದಿರುವಾಗ ನಿಮ್ಮ ಪಾತ್ರ ಬಾಯಿ ಬಿಡಲಿ.

ಮಾತು

ಹೆಚ್ಚಿನವರು ಬರೆಯುವುದು ಹೀಗೆ: “ಗುರುಗಳೇ, ನನ್ನನ್ನು ಕ್ಷಮಿಸಿ. ನಾನು ನಿಮಗೆ ಮೋಸ ಮಾಡಿದೆ. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಈ ಸಮಾಜ ನನ್ನನ್ನು ಹುಟ್ಟಿನಿಂದಲೇ...” ಕ್ಷಮೆ ಮೊದಲು, ಕಾರಣ ನಡುವೆ, ವಿಷಯ ಎಲ್ಲೋ ಕೊನೆಗೆ. ಇದು ತಪ್ಪೊಪ್ಪಿಗೆಯ ವೇಷ ಹಾಕಿದ ವಕಾಲತ್ತು. ವಿಷಯ ಮೊದಲು ಬರಲಿ, ಚಿಕ್ಕದಾಗಿ ಬರಲಿ. “ಆದರೆ” ಎಂಬುದನ್ನು ಹೇಳುವವನ ಬಾಯಿಂದ ಪೂರ್ತಿ ತೆಗೆಯಿರಿ. ಕಾರಣ ಬೇಕಿದ್ದರೆ ಎದುರಿನವರು ಕೇಳಲಿ.

“ಮಾಷ್ಟ್ರೇ, ಒಂದು ವಿಷಯ ಹೇಳ್ಲಿಕ್ಕುಂಟು.”

“ಹೇಳು. ಬಾಗಿಲಲ್ಲಿ ನಿಂತು ಎಂತ ಮಾಡ್ತಿ?”

“ನನ್ನ ಅಪ್ಪ ಬಸ್ ಡ್ರೈವರ್. ಕುಂದಾಪುರ ಲೈನಿನಲ್ಲಿ. ಬಂದ ದಿನ ನಾನು ಹೇಳಿದ ಮನೆ ಹೆಸರು ನಂದಲ್ಲ.”

ಮಾಷ್ಟ್ರು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು, ಒಳಗಿದ್ದ ಹೆಂಡತಿಯ ಕಡೆ ನೋಡಿದರು.

“ಇದು ಇವಳಿಗೆ ಗೊತ್ತುಂಟಾ?”

“ಇಲ್ಲ. ಯಾರಿಗೂ ಗೊತ್ತಿಲ್ಲ.”

“ಹ್ಞೂಂ. ನೀವು ಈಗ ಎಂತ ಮಾಡ್ಬೇಕು ಅಂತಿದ್ದೀರಿ?”

ಬೈಗುಳ ಒಂದೂ ಇಲ್ಲ. “ನೀನು” ಹೋಗಿ “ನೀವು” ಬಂದಲ್ಲಿಗೆ ಹುಡುಗ ಹೊರಗಿನವನಾದ. ಅಮ್ಮ–ಮಗ, ಅಣ್ಣ–ತಮ್ಮ, ಧಣಿ–ಆಳು, ಯಾರ ನಡುವೆ ಬರೆದರೂ ಈ ಬಹುವಚನದ ಹಿಡಿತ ನಿಮ್ಮ ಕೈಯಲ್ಲಿರಲಿ. ಒಂದು ದೃಶ್ಯದಲ್ಲಿ ಒಂದೇ ಸಲ ತಿರುಗಿಸಿ. ಕೇಳುವವರ ಮೊದಲ ಮಾತು ವ್ಯವಹಾರದ್ದಾಗಿರಲಿ. ಆಘಾತವಾದ ಮನುಷ್ಯ ಮೊದಲು ಕೇಳುವುದು ಯಾರಿಗೆಲ್ಲ ಗೊತ್ತು, ಎಷ್ಟು ದಿನದಿಂದ, ಇಂಥದ್ದನ್ನೇ. ತತ್ತ್ವ ಮೂರು ದಿನ ಬಿಟ್ಟು ಬರುತ್ತದೆ.

ಪಟ್ಟು ಬಿಗಿಯಾಗಿಲ್ಲ ಅನ್ನಿಸಿದರೆ ತಾಳಮದ್ದಳೆಯ ಉಪಾಯ ಮಾಡಿ. ಗೆಳೆಯರೊಬ್ಬರನ್ನು ಕೂರಿಸಿ ಹತ್ತು ನಿಮಿಷ ಸುಳ್ಳಿನ ಪರ ವಾದಿಸಲು ಹೇಳಿ, ನೀವು ಪಾತ್ರವಾಗಿ ಉತ್ತರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ನಿಮಗೆ ಉತ್ತರ ಹೊಳೆಯದ ಪ್ರಶ್ನೆ ಯಾವುದೋ ಅದನ್ನೇ ಕಥೆಗೆ ಹಾಕಿ, ಪಾತ್ರಕ್ಕೂ ಉತ್ತರ ಕೊಡಬೇಡಿ.

“ನಾನು” ಎಂದು ಪಾತ್ರವೇ ಕಥೆ ಹೇಳುತ್ತಿದ್ದರೆ ಗುಟ್ಟನ್ನು ಓದುಗನಿಂದ ಮುಚ್ಚಿಡಬೇಡಿ. ಕೊನೆಗೆ ಗೊತ್ತಾದಾಗ ಮೋಸ ಹೋದವನು ಗುರುವಲ್ಲ, ಓದುಗ, ಅವನು ಕ್ಷಮಿಸುವುದಿಲ್ಲ. ಮುಚ್ಚಿಡಲೇಬೇಕು ಎಂದಾದರೆ “ಅವನು” ಎಂದು ಬರೆಯಿರಿ.

ಅಳತೆ, ಮತ್ತು ಆಮೇಲಿನದ್ದು

3,000 ಪದಗಳ ಕಥೆಯಾದರೆ ಸುಮಾರು 1,000 ಪದ ಸುಳ್ಳು ಸುಖವಾಗಿ ನಡೆಯುವುದಕ್ಕೆ ಕೊಡಿ. ಹಂಚಿಕೊಂಡ ಊಟ, ಪಾಠ, ನಗು ಎಲ್ಲ ಇಲ್ಲೇ ಬರಬೇಕು. ಬಿಗಿ ಏರಲು 700, ನಿಜದ ದೃಶ್ಯಕ್ಕೆ 350 ಸಾಕು. ಉಳಿದ 950 ಆಮೇಲಿನದ್ದಕ್ಕೆ. ಆ ದೃಶ್ಯವನ್ನೇ 1,500 ಪದ ಎಳೆದು, ಅಪ್ಪುಗೆಯಲ್ಲಿ ಮುಗಿಸಿದ ಕಥೆಗಳೇ ಜಾಸ್ತಿ ಕಾಣಸಿಗುತ್ತವೆ.

ಆಮೇಲೆ ಏನಾಗಬೇಕು? ಪುಣ್ಯಕೋಟಿಯ ಮಾದರಿ ನಮ್ಮ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ: ನಿಜ ಹೇಳಿದರೆ ಹುಲಿಯೂ ಕರಗುತ್ತದೆ. ಆದರೆ ಅಲ್ಲಿ ಬೆಲೆ ಮಾಯವಾಗಿಲ್ಲ, ಹುಲಿ ತನ್ನ ಜೀವ ಕೊಟ್ಟು ತೆತ್ತಿದೆ. ನಿಮ್ಮ ಕಥೆಯಲ್ಲಿ ಪಾತ್ರ ಬೆಲೆ ತೆರದೆ ಉಳಿದರೆ ಬೇರೆ ಯಾರು ತೆತ್ತರು ಎಂಬುದಕ್ಕೆ ಉತ್ತರ ಇರಬೇಕು. ಲೆಕ್ಕದ ಹಾಳೆಯ ನಾಲ್ಕನೆಯ ಸಾಲಿನಲ್ಲಿ ಬರೆದದ್ದರಲ್ಲಿ ಕಡಿಮೆಯೆಂದರೆ ಒಂದು ಮರಳಿ ಬರಬಾರದು. ಮಾಷ್ಟ್ರು ಪಾಠ ಮುಂದುವರಿಸಬಹುದು, ಜಗಲಿಯಲ್ಲಿ. ಒಳಗಿನ ಊಟ ನಿಂತಿರಬಹುದು. ಬೇರೆ ಪಾತ್ರವೊಂದು ಬಂದು “ನೀನು ದೊಡ್ಡವನು” ಎಂದು ಬೆನ್ನು ತಟ್ಟುವ ಪ್ಯಾರಾ ಇದ್ದರೆ ಓದದೆಯೇ ಅಳಿಸಿ.

ಹಾಕುವ ಮೊದಲು ಮೂಲ ಕಥೆ ಗೊತ್ತಿರುವ ಒಬ್ಬರಿಗೆ ಓದಲು ಕೊಟ್ಟು ಒಂದೇ ಪ್ರಶ್ನೆ ಕೇಳಿ: ಇವನು ಹೇಳಿಬಿಡುವುದೆಂದು ತೀರ್ಮಾನಿಸಿದ್ದು ಯಾವ ಸಾಲಿನಲ್ಲಿ? ಅವರು ನಿಜ ಹೇಳುವ ದೃಶ್ಯದ ಒಳಗಿನ ಸಾಲನ್ನು ತೋರಿಸಿದರೆ ತಡವಾಗಿದೆ. ಅದಕ್ಕೂ ಹಿಂದೆ, ಬಿಗಿ ಏರುವ 700 ಪದಗಳ ಒಳಗೆ, ಬಡಿಸಿದ ಎಲೆ ಬಿಟ್ಟು ಎದ್ದದ್ದೋ ಅಪ್ಪನ ಬಸ್ಸು ಹೋಗುವ ಹೊತ್ತಿಗೆ ಕಿಟಕಿ ಮುಚ್ಚದೆ ನಿಂತದ್ದೋ, ಒಂದು ಕೆಲಸವನ್ನು ಸೇರಿಸಿ ಮತ್ತೆ ಓದಿಸಿ.