ಎಸ್‌ಟಿಪಿ ನೀರಿನಲ್ಲೇ ಕೂಲಿಂಗ್ ಟವರ್ ನಡೆಸಿದ ನನ್ನ ಅನುಭವ

2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆಯ ನಮ್ಮ ಕಚೇರಿ ಕಟ್ಟಡದ ಕೊಳವೆಬಾವಿಗಳು ಕೈಕೊಟ್ಟಾಗ, ನೀರನ್ನು ಆವಿಯಾಗಿಸಿ ಎಸಿಯ ಬಿಸಿಯನ್ನು ಹೊರಹಾಕುವ ಕೂಲಿಂಗ್ ಟವರಿಗೆ ನಮ್ಮದೇ ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ನೀರನ್ನೇ ಹಾಕೋಣ ಎಂದೆ. ಟವರಿನ ನೀರು ಹರಿಯುವ ಕಂಡೆನ್ಸರ್ ಟ್ಯೂಬ್ ತೂತಾದರೆ ತಾವು ಹೊಣೆಯಲ್ಲವೆಂದು ಚಿಲ್ಲರ್ (ಎಸಿಗೆ ತಣ್ಣೀರು ಒದಗಿಸುವ ಯಂತ್ರ) ಸರ್ವೀಸಿನವರು ಬರೆದೇ ಕೊಟ್ಟರು.

ಆದರೆ ಲೆಕ್ಕ ನನ್ನ ಪರವಾಗಿತ್ತು. ಎಸಿಯ ಒಂದು ಟನ್ ಲೋಡಿಗೆ ಗಂಟೆಗೆ ಏಳು ಲೀಟರಿನಷ್ಟು ನೀರು ಆವಿಯಾಗುತ್ತದೆ. ನಮ್ಮ ಸರಾಸರಿ 500 ಟನ್ನಿಗೆ, ಮೂರು ಸೈಕಲ್ಲಿನ (ಅಂದರೆ ಲವಣ ಮೂರು ಪಟ್ಟು ಸಾಂದ್ರವಾದಾಗ ಹೊರಬಿಡುವ) ಬ್ಲೋಡೌನ್ ನೀರೂ ಸೇರಿ, ದಿನದ ಹತ್ತು ಗಂಟೆಯ ಓಟಕ್ಕೆ ಐವತ್ತು ಸಾವಿರ ಲೀಟರ್ ದಾಟುತ್ತಿತ್ತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿದ್ದರೂ ನಾವು ತೆತ್ತದ್ದು ಎರಡು ಸಾವಿರದ ಆಸುಪಾಸು. ತಿಂಗಳಿಗೆ ಒಂದೂಮುಕ್ಕಾಲು ಲಕ್ಷ.

ಮೆಂಬ್ರೇನಿನಲ್ಲಿ ಸೋಸುವ ಅಲ್ಟ್ರಾ ಫಿಲ್ಟರ್, ಗಡಸು ಕಳೆಯುವ ಸಾಫ್ಟನರ್, ಪೈಪು ಸೇರಿ ಹನ್ನೆರಡು ಲಕ್ಷ ಬಿತ್ತು. ಕ್ಯಾಂಟೀನಿನ ಜಿಡ್ಡು ಹರಿದುಬಂದು ಮೊದಲ ಮೆಂಬ್ರೇನ್ ಕೆಲವೇ ವಾರಗಳಲ್ಲಿ ಕಟ್ಟಿಕೊಂಡಿತು. ಗ್ರೀಸ್ ಟ್ರ್ಯಾಪ್ ದೊಡ್ಡದು ಮಾಡಿದ ಮೇಲೆ ಅದು ಸರಿಹೋಯಿತು. ನಿಜವಾದ ಶತ್ರು ಅಮೋನಿಯಾ. ಕಚೇರಿಯ ಕೊಳಚೆಯಲ್ಲಿ ಸ್ನಾನದ, ಬಟ್ಟೆ ಒಗೆದ ನೀರಿಲ್ಲ, ಮೂತ್ರದ ಪಾಲೇ ಹೆಚ್ಚು. ಹಾಗಾಗಿ ಕ್ರಿಮಿ ಕೊಲ್ಲಲು ಎಷ್ಟು ಹೈಪೋ (ಕ್ಲೋರಿನ್ ದ್ರಾವಣ) ಸುರಿದರೂ ಅಮೋನಿಯಾ ಅದನ್ನು ನುಂಗುತ್ತಿತ್ತು, ತಾಮ್ರದ ಟ್ಯೂಬಿಗೂ ಅದರಿಂದಲೇ ಅಪಾಯ. ಅಮೋನಿಯಾ ಪತ್ತೆಹಚ್ಚುವ ನೆಸ್ಲರ್ ದ್ರಾವಣ ಬಿದ್ದೊಡನೆ ಪರೀಕ್ಷಾ ನಳಿಕೆಯ ನೀರು ಕಷಾಯದ ಬಣ್ಣಕ್ಕೆ ತಿರುಗುತ್ತಿತ್ತು.

ಎಸ್‌ಟಿಪಿಗೆ ಗಾಳಿಯೂದುವ ಬ್ಲೋವರನ್ನು ರಾತ್ರಿಯೂ ಓಡಿಸಿ ಕರಗಿದ ಆಮ್ಲಜನಕವನ್ನು ಲೀಟರಿಗೆ ಎರಡು ಮಿಲಿಗ್ರಾಂ ಮೇಲೆ ನಿಲ್ಲಿಸಿದಾಗ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡಿ ಅದು ಇಳಿಯಿತು, ಆದರೆ ಆ ಕ್ರಿಯೆಯೇ ಕ್ಷಾರೀಯತೆಯನ್ನು ತಿಂದುಹಾಕಿ ಪಿಎಚ್ ಆರರ ಹತ್ತಿರಕ್ಕೆ ಕುಸಿದು ಸೂಕ್ಷ್ಮಜೀವಿಗಳು ಮಂಕಾದವು. ಪರಿಹಾರವಾಗಿ ಒದಗಿದ್ದು ಮೂಟೆಗಟ್ಟಲೆ ಅಡುಗೆ ಸೋಡಾ. ಶನಿವಾರ, ಭಾನುವಾರ ಕೊಳಚೆಯೇ ಬಾರದ ಕಾರಣ ಸೋಮವಾರದ ನೀರು ಕೆಡುತ್ತಿತ್ತು. ಅದಕ್ಕಾಗಿ ಭಾನುವಾರ ರಾತ್ರಿ ಎಷ್ಟು ಸೋಡಾ, ಯಾವ ಟ್ಯಾಂಕಿಗೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ಈ ನಡುವೆ ಎಎಚ್‌ಯುಗಳಲ್ಲಿ (ಕೋಣೆಗಳಿಗೆ ತಂಪುಗಾಳಿ ಊದುವ ಯಂತ್ರಗಳು) ಗಾಳಿಯ ತೇವ ಹನಿಗಟ್ಟಿ ಬರುವ ಡ್ರೈನ್ ನೀರನ್ನೂ ಟವರಿಗೆ ತಿರುಗಿಸಿ ನೋಡಿದೆ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಾವಿರ ಲೀಟರಿನವರೆಗೆ ಸಿಕ್ಕಿತು. ನೀರು ಬೇಕಾದ ಮಾರ್ಚಿನಲ್ಲಿ ಗಾಳಿಯೇ ಒಣಗಿರುವುದರಿಂದ ಬಕೆಟ್ ಲೆಕ್ಕಕ್ಕೆ ಇಳಿಯಿತು. ಪೈಪಿನ ಖರ್ಚು ಕಡಿಮೆಯಿದ್ದುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಈಗ ದಿನಕ್ಕೊಂದು ಟ್ಯಾಂಕರ್ ಬೆರೆಸಿದರೆ ಸಾಕು. ಸೋಡಾ, ಕರೆಂಟು, ಮೆಂಬ್ರೇನ್ ಕಳೆದು ತಿಂಗಳಿಗೆ ಲಕ್ಷದಷ್ಟು ಉಳಿಯುತ್ತಿದೆ. ಫಾಸ್ಫೇಟ್ ಟ್ಯೂಬಿನಲ್ಲಿ ಹೆಪ್ಪುಗಟ್ಟುವ ಭಯಕ್ಕೆ ಸೈಕಲ್ ನಾಲ್ಕನ್ನು ದಾಟಿಸಿಲ್ಲ. ಕಂಡೆನ್ಸರ್ ಅಪ್ರೋಚ್ (ಟ್ಯೂಬು ಕೊಳೆಯಾದರೆ ಏರುವ ತಾಪದ ಅಂತರ) ಎರಡು ಡಿಗ್ರಿಯೊಳಗೇ ಇದೆ. ವಾರ್ಷಿಕ ಸರ್ವೀಸಿನಲ್ಲಿ ಟ್ಯೂಬು ಬಿಚ್ಚಿದಾಗ ಬ್ರಷ್ಷಿಗೇ ಹೋಗುವಂಥ ಮೆತ್ತನೆಯ ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ, ಟ್ಯೂಬಿನ ಸವೆತ ಹುಡುಕುವ ಎಡ್ಡಿ ಕರೆಂಟ್ ಪರೀಕ್ಷೆಯೂ ಪಾಸಾಯಿತು. ಹೊಣೆಯಲ್ಲವೆಂದು ಬರೆದುಕೊಟ್ಟಿದ್ದವರೇ ಈಗ ತಮ್ಮ ಇನ್ನೊಬ್ಬ ಗ್ರಾಹಕರನ್ನು ನಮ್ಮ ಪ್ಲಾಂಟ್ ನೋಡಲು ಕರೆತರುತ್ತೇವೆ ಎನ್ನುತ್ತಿದ್ದಾರೆ.