ಸ್ಟೇರಿಂಗ್ ತಿರುಗಿಸಿದರೆ ‘ಟಂಗ್’: ಸದ್ದಿನ ಮೂಲ ಹುಡುಕಿದ ನನ್ನ ಅನುಭವ

ಸ್ಟೇರಿಂಗ್ ತಿರುಗಿಸಿದಾಗ ಸದ್ದು ಬಂತು ಅಂದ ಮಾತ್ರಕ್ಕೆ ಸ್ಟೇರಿಂಗೇ ಕೆಟ್ಟಿದೆ ಅಂತ ಅಲ್ಲ. ಮುಂದಿನ ಚಕ್ರಗಳಿಗೆ ಸೇರಿದ ಎಷ್ಟೋ ಭಾಗಗಳು ಆಗ ಒಟ್ಟಿಗೆ ಅಲ್ಲಾಡುತ್ತವೆ. ಸದ್ದು ಯಾವುದರದು ಅಂತ ಮೊದಲು ಗೊತ್ತಾಗಬೇಕು. ಬಿಡಿಭಾಗ ಕೊಳ್ಳುವುದು ಆಮೇಲಿನ ಕೆಲಸ.

ನನ್ನದು ಸುಮಾರು ಹಳೆಯದಾದ ಸಣ್ಣ ಪೆಟ್ರೋಲ್ ಕಾರು. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇದೆ. ಮನೆ ದಾವಣಗೆರೆಯಲ್ಲಿ. ಆದರೆ ಕಾರು ಜಾಸ್ತಿ ಓಡುವುದು ಭದ್ರಾ ನಾಲೆಯ ಕಡೆಯ ಹಳ್ಳಿ ರಸ್ತೆಗಳಲ್ಲಿ. ಭತ್ತದ ನಾಟಿ ಹೊತ್ತಿಗೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್‌ಗಳು ಗದ್ದೆಯಿಂದ ನೇರ ಡಾಂಬರಿಗೆ ಹತ್ತುತ್ತವೆ. ರಸ್ತೆ ತುಂಬ ಗೀರು, ಅಂಚಿನಲ್ಲಿ ಕೆಸರು. ಎದುರಿಗೆ ಲಾರಿ ಬಂದರೆ ಎಡ ಚಕ್ರವನ್ನು ಆ ಕೆಸರಿಗೆ ಇಳಿಸಲೇಬೇಕು.

ಸದ್ದು ಮೊದಲು ಕೇಳಿದ್ದು ಕಾರು ನಿಲ್ಲಿಸುವಾಗ. ಸ್ಟೇರಿಂಗ್ ತಿರುಗಿಸುತ್ತಾ ಹೋದರೆ ‘ಕರ್ರ್’ ಅಂತ ಬಿಗಿಯಾಗಿ, ಆಮೇಲೆ ಒಮ್ಮೆಲೇ ‘ಟಂಗ್’. ಆ ಏಟು ಕೈಗೂ ತಾಗುತ್ತಿತ್ತು. ಇನ್ನೊಂದು ಬದಲಾವಣೆಯೂ ಇತ್ತು. ಪಿ.ಬಿ. ರಸ್ತೆಯಿಂದ ಒಳರಸ್ತೆಗೆ ತಿರುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು, ಅಲ್ವಾ? ಅದು ಅರ್ಧಕ್ಕೇ ನಿಲ್ಲುತ್ತಿತ್ತು. ನಾನೇ ಎಳೆದು ನೇರ ಮಾಡಬೇಕಿತ್ತು. ಈ ಎರಡನೇ ಗುರುತನ್ನು ಬಹಳ ಜನ ಮೆಕ್ಯಾನಿಕ್‌ಗೆ ಹೇಳುವುದೇ ಇಲ್ಲ. ನನಗೆ ದಾರಿ ತೋರಿಸಿದ್ದು ಅದೇ.

ಒಂದು ಗ್ಯಾರೇಜಿನಲ್ಲಿ ಸದ್ದು ಕೇಳಿದ ಕೂಡಲೇ ಸ್ಟೇರಿಂಗ್ ರ‍್ಯಾಕ್ ಬದಲಿಸಬೇಕು ಅಂದರು. ಚಕ್ರ ಎತ್ತಿ ಅಲ್ಲಾಡಿಸಿ ನೋಡಿರಲಿಲ್ಲ. ರ‍್ಯಾಕ್ ಅಂದರೆ ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ, ದೊಡ್ಡ ಖರ್ಚು. ನಾನೇ ಒಮ್ಮೆ ನೋಡುತ್ತೇನೆ ಅಂತ ಕಾರು ವಾಪಸ್ ತಂದೆ.

ಮೊದಲು ನೋಡಬೇಕಾದ್ದು ಸದ್ದು ಯಾವಾಗ ಬರುತ್ತದೆ ಅನ್ನುವುದನ್ನು. ಪೂರ್ತಿ ತಿರುಗಿಸಿಕೊಂಡು ಕಾರು ಓಡುವಾಗ ಚಕ್ರದ ವೇಗಕ್ಕೆ ತಕ್ಕಂತೆ ‘ಟಕ್ ಟಕ್ ಟಕ್’ ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಮೇಲೆ ಅನುಮಾನ. ಅದರ ರಬ್ಬರ್ ಬೂಟ್ ಹರಿದಿದ್ದರೆ ಚಕ್ರದ ಒಳಮೈಗೆ ಗ್ರೀಸ್ ಎರಚಿರುತ್ತದೆ. ನೇರ ಹೋಗುವಾಗ ಗುಂಡಿಗೆ ಮಾತ್ರ ‘ಕಟಕಟ’ ಅಂದರೆ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಹೀಗೆ ಚಕ್ರವನ್ನು ಹಿಡಿದಿಡುವ, ತಿರುಗಿಸುವ ಕೊಂಡಿಗಳನ್ನು ನೋಡಬೇಕು. ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಇದ್ದು ‘ಗುಂಯ್’ ಅಂತ ಎಳೆದರೆ ಆಯಿಲ್ ಕಡಿಮೆ ಆಗಿರಬಹುದು, ಇಲ್ಲ ಅದರಲ್ಲಿ ಗಾಳಿ ಸೇರಿರಬಹುದು. ನನ್ನ ಕಾರಿನದು ಎಲೆಕ್ಟ್ರಿಕ್, ಅದರಲ್ಲಿ ಆಯಿಲ್ ಪಂಪೇ ಇಲ್ಲ. ನಿಂತಲ್ಲೇ ತಿರುಗಿಸಿದರೂ ಸದ್ದು ಬರುತ್ತಿದ್ದರಿಂದ ಡ್ರೈವ್ ಶಾಫ್ಟ್ ಕೂಡ ಲೆಕ್ಕದಿಂದ ಹೋಯಿತು.

ಕಾರನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಹಾಕಲೇಬಾರದು. ಗಡಿಯಾರದ 9 ಮತ್ತು 3 ಇರುವ ಜಾಗಗಳಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದೆ. ಅಲ್ಲಿ ಆಟ, ಅಂದರೆ ಸಡಿಲ, ಇದ್ದರೆ ಟೈ ರಾಡ್ ಅಥವಾ ರ‍್ಯಾಕ್. 12 ಮತ್ತು 6 ಇರುವಲ್ಲಿ ಹಿಡಿದಾಗ ಆಟ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎರಡೂ ಕಡೆ ಬಿಗಿಯಾಗಿಯೇ ಇತ್ತು.

ಉಳಿದದ್ದು ಸ್ಟ್ರಟ್‌ನ ಮೇಲಿನ ಬೇರಿಂಗ್. ಸ್ಟ್ರಟ್ ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಸೇರಿದ ಜೋಡಣೆ. ಇಂಥ ಕಾರುಗಳಲ್ಲಿ ಸ್ಟೇರಿಂಗ್ ತಿರುಗಿಸಿದರೆ ಚಕ್ರದ ಜೊತೆ ಮುಂದಿನ ಶಾಕ್ ಅಬ್ಸಾರ್ಬರೂ ಅದರ ಸ್ಪ್ರಿಂಗೂ ತಿರುಗುತ್ತವೆ. ಮೇಲಿನ ಬೇರಿಂಗ್ ಅದಕ್ಕೆ ಅವಕಾಶ ಕೊಡಬೇಕು. ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತಾ ಹೋಗಿ, ತಡೆಯಲಾರದೆ ಒಮ್ಮೆಲೇ ಜಿಗಿಯುತ್ತದೆ. ‘ಟಂಗ್’ ಅನ್ನುವುದು ಆ ಜಿಗಿತ. ತಿರುಚಿದ ಸ್ಪ್ರಿಂಗ್ ಚಕ್ರವನ್ನು ಹಿಡಿದೆಳೆಯುವುದರಿಂದಲೇ ಸ್ಟೇರಿಂಗ್ ನೇರಕ್ಕೆ ವಾಪಸ್ ಬರುವುದಿಲ್ಲ.

ಪರೀಕ್ಷೆ ಸುಲಭ. ಕಾರು ಇಳಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟೆ. ತಮ್ಮನನ್ನು ಸೀಟಿನಲ್ಲಿ ಕೂರಿಸಿ, ‘ಮೆಲ್ಲಗೆ ಎಡಕ್ಕೆ ತಿರುಗಿಸು, ನಾನು ಹೇಳೋವರೆಗೂ ನಿಲ್ಲಿಸಬೇಡ’ ಅಂದೆ. ಸ್ಪ್ರಿಂಗಿನ ಹೊರಮೈಗೆ ಅಂಗೈ ಒತ್ತಿ ಹಿಡಿದೆ. ಸುರುಳಿಗಳ ನಡುವೆ ಬೆರಳು ತೂರಿಸಬಾರದು, ಸಿಕ್ಕಿಕೊಳ್ಳುತ್ತದೆ. ಬಲಗಡೆಯ ಸ್ಪ್ರಿಂಗ್ ನಯವಾಗಿ ತಿರುಗಿತು. ಎಡಗಡೆಯದು ತಡೆದು ತಡೆದು, ಅಂಗೈಯಲ್ಲೇ ಜಿಗಿಯಿತು. ಅದೇ ಕ್ಷಣಕ್ಕೆ ‘ಟಂಗ್’. ತಮ್ಮ ಒಳಗಿಂದಲೇ ‘ಸಿಕ್ತಾ?’ ಅಂತ ಕೂಗಿದ. ಅಷ್ಟು ಖುಷಿ ನನಗೆ ಬೇರೆ ಯಾವ ರಿಪೇರಿಯಲ್ಲೂ ಆಗಿಲ್ಲ.

ಸ್ಟ್ರಟ್ ಇಳಿಸಿದ್ದು ನಾನೇ. ಬ್ರೇಕ್ ಪೈಪಿನ ಕ್ಲಿಪ್, ವೈರಿನ ಕ್ಲಿಪ್, ಲಿಂಕ್ ರಾಡ್ ಬಿಡಿಸಿದೆ. ಕೆಳಗಿನ ಎರಡು ಬೋಲ್ಟ್‌ಗಳ ಜಾಗಕ್ಕೆ ಬಿಚ್ಚುವ ಮೊದಲೇ ಪೇಂಟ್ ಗುರುತು ಹಾಕಿದೆ. ಚಕ್ರ ಕೂರುವ ‘ಹಬ್’ ಭಾಗವನ್ನು ತಂತಿಯಿಂದ ಕಟ್ಟಿದೆ, ಇಲ್ಲದಿದ್ದರೆ ಅದರ ಭಾರವೆಲ್ಲ ಬ್ರೇಕ್ ಪೈಪಿನ ಮೇಲೆ ಬೀಳುತ್ತದೆ. ಬಾನೆಟ್ ಒಳಗೆ ಸ್ಟ್ರಟ್ ತಲೆಯ ಸುತ್ತಲಿನ ನಟ್‌ಗಳನ್ನು ಕೊನೆಗೆ ತೆಗೆದೆ. ನಡುವಿನ ದೊಡ್ಡ ನಟ್ ಮುಟ್ಟಲೇ ಇಲ್ಲ. ಅದು ಒತ್ತಿ ಕೂರಿಸಿದ ಸ್ಪ್ರಿಂಗನ್ನು ಹಿಡಿದಿಟ್ಟಿರುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಹಾಕದೆ ಬಿಚ್ಚಿದರೆ ಸಿಡಿದು ಜೀವ ತೆಗೆಯಬಹುದು. ಹಾಗಾಗಿ ಸ್ಟ್ರಟ್ ಹೊತ್ತುಕೊಂಡು ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ.

‘ನಡುವಿನ ನಟ್ ಸಡ್ಲ ಮಾಡಿಲ್ಲ ತಾನೇ ಸಾರ್?’

‘ಇಲ್ಲಣ್ಣ, ಹಾಗೇ ತಂದೀನಿ.’

‘ಒಳ್ಳೇದಾತು ಬಿಡ್ರಿ.’

ಹೊರಬಂದ ಬೇರಿಂಗ್ ತುಕ್ಕು ಹಿಡಿದಿತ್ತು. ಗ್ರೀಸ್ ಜಾಗದಲ್ಲಿ ಒಣ ಮಣ್ಣು. ಸ್ಟ್ರಟ್ ತಲೆಯನ್ನು ಕಾರಿನ ಮೈಗೆ ಹಿಡಿಸುವ ಟಾಪ್ ಮೌಂಟ್ ರಬ್ಬರೂ ಬಿರುಕು ಬಿಟ್ಟಿತ್ತು. ಎರಡನ್ನೂ ಹೊಸದು ಹಾಕಿಸಿದೆ, ಬಲಗಡೆಗೂ ಸೇರಿಸಿ. ಅಷ್ಟೇ ಓಡಿದ ಬಲಗಡೆಯದೂ ಎಷ್ಟು ಕಾಲ ಬಾಳೀತು? ಕೂಡಿಸುವಾಗ ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ಅಂತ ಕಣ್ಣಾರೆ ನೋಡಿದೆ. ನಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ, ಕಾರಿನ ಮ್ಯಾನ್ಯುಯಲ್ ಹೇಳುವಷ್ಟೇ ಬಿಗಿ ಮಾಡಿದೆ.

ದೊಡ್ಡ ಸದ್ದು ಹೋದ ಮೇಲೆ ಅದರಡಿ ಅಡಗಿದ್ದ ಸಣ್ಣದೊಂದು ಕೇಳಿಸಿತು. ಪೆಡಲ್‌ಗಳ ಹತ್ತಿರ ‘ಕಿರ್ ಕಿರ್’. ಸ್ಟೇರಿಂಗ್ ಶಾಫ್ಟ್ ಎಂಜಿನ್ ಕಡೆ ಹೋಗುವಲ್ಲಿರುವ ರಬ್ಬರ್ ಮುಚ್ಚಳ ಒಣಗಿ ಉಜ್ಜುತ್ತಿತ್ತು. ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದೆ, ನಿಂತಿತು. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಸದ್ದು ಸ್ಟೇರಿಂಗ್ ಚಕ್ರದ ಒಳಗಿನಿಂದಲೇ ಬರುತ್ತಿದ್ದರೆ ಮಾತ್ರ ನೀವು ಬಿಚ್ಚಬೇಡಿ. ಅಲ್ಲಿ ಏರ್‌ಬ್ಯಾಗ್ ಇರುತ್ತದೆ. ಗೊತ್ತಿದ್ದವರಿಗೆ ಬಿಡಿ.

ಕೊನೆಗೆ ಚಕ್ರಗಳ ಓರೆ ಸರಿಪಡಿಸುವ ವೀಲ್ ಅಲೈನ್‌ಮೆಂಟ್. ಪೇಂಟ್ ಗುರುತಿಗೇ ಕೂರಿಸಿದ್ದರೂ ಇದನ್ನು ಬಿಡಬಾರದು, ಇಲ್ಲದಿದ್ದರೆ ಟೈರ್ ಒಂದು ಕಡೆ ಸವೆಯುತ್ತದೆ. ಅದನ್ನು ಮುಗಿಸಿ ಹರಿಹರದವರೆಗೆ ಓಡಿಸಿ ನೋಡಿದೆ. ತಿರುವು ಮುಗಿಯುತ್ತಿದ್ದ ಹಾಗೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿತ್ತು. ಮನೆಗೆ ಬಂದು ಬಿಚ್ಚಿ ಹಾಕಿದ್ದ ನಟ್‌ಗಳನ್ನೆಲ್ಲ ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿದೆ. ರ‍್ಯಾಕ್ ಹಳೆಯದೇ ಇದೆ.